ಅಂಗಾಲು ಉರಿ, ಜೋಮು, ಮರಗಟ್ಟಿದ ಕಾಲು: ಪಾದದ ನರನೋವಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದು ಮುಖ್ಯವಾಗಿ ಸಕ್ಕರೆ ಕಾಯಿಲೆಯಿಂದ ಬರುವ ಪಾದದ ನರನೋವಿನ ವಿಷಯ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಅದೇ. ಬೇರೆ ಕಾರಣಗಳೂ ಇವೆ, ಅವೂ ಮುಂದೆ ಬರುತ್ತವೆ. ಮಾತ್ರೆಗಳ ಪ್ರಮಾಣ ಬರೆದಿರುವುದು ವೈದ್ಯರು ಕೊಟ್ಟ ಚೀಟಿ ನಿಮಗೆ ಅರ್ಥವಾಗಲಿ ಎಂದು. ಔಷಧಿ ಅಂಗಡಿಯಲ್ಲಿ ಕೇಳಿ ತಂದು ನುಂಗುವುದಕ್ಕಲ್ಲ.

ಇದು ನರದ ನೋವೇ ಎಂದು ಗುರುತಿಸುವುದು ಹೇಗೆ?

ನೋವನ್ನು ವರ್ಣಿಸುವ ಮಾತಿನಲ್ಲೇ ಅರ್ಧ ಉತ್ತರ ಇರುತ್ತದೆ. ಮೆಣಸಿನಪುಡಿ ಹಚ್ಚಿದ ಹಾಗೆ ಅಂಗಾಲು ಉರಿ, ಇರುವೆ ಹರಿದಾಡಿದಂತೆ ಜುಮುಜುಮು, ಸೂಜಿ ಚುಚ್ಚು, ಇದ್ದಕ್ಕಿದ್ದಂತೆ ಕರೆಂಟ್ ಹೊಡೆದ ಹಾಗೆ ಛಳಕು, ಹೊದಿಕೆ ತಾಗಿದರೂ ತಡೆಯಲಾಗದ ನೋವು. ಜೊತೆಗೆ ತದ್ವಿರುದ್ಧವಾದ ಲಕ್ಷಣವೂ ಇರುತ್ತದೆ: ಹತ್ತಿಯ ಮೇಲೆ ನಡೆದಂತೆ ಅನಿಸುವುದು, ಚಪ್ಪಲಿ ಕಾಲಿನಿಂದ ಜಾರಿ ಹಿಂದೆ ಉಳಿದರೂ ಗೊತ್ತಾಗದಿರುವುದು. ಸಾಮಾನ್ಯವಾಗಿ ಎರಡೂ ಕಾಲಿನ ಬೆರಳುಗಳಲ್ಲಿ ಶುರುವಾಗಿ ಸಾಕ್ಸ್ ಹಾಕಿದಷ್ಟು ಜಾಗಕ್ಕೆ ನಿಧಾನವಾಗಿ ಏರುತ್ತದೆ.

ಬೇರೆ ನೋವುಗಳ ಚಹರೆಯೇ ಬೇರೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ಚುಚ್ಚಿ, ಹತ್ತು ಹೆಜ್ಜೆ ನಡೆದ ಮೇಲೆ ಸಡಿಲವಾದರೆ ಅದು ಅಂಗಾಲಿನ ತಂತುಕಟ್ಟಿನ ನೋವು. ಇಂತಿಷ್ಟು ದೂರ ನಡೆದಾಗ ಮೀನಖಂಡ ಹಿಡಿದುಕೊಂಡು, ನಿಂತ ಮೇಲೆ ಸಡಿಲವಾದರೆ ರಕ್ತನಾಳದ ಅಡಚಣೆಯನ್ನು ಅನುಮಾನಿಸಬೇಕು. ಸೊಂಟದಿಂದ ಹೊರಟು ಒಂದೇ ಕಾಲಿಗೆ ಇಳಿಯುವ ಸೆಳೆತ ಬೆನ್ನುಮೂಳೆಯ ಕಡೆ ಬೊಟ್ಟು ಮಾಡುತ್ತದೆ. ರಾತ್ರಿಯ ನೋವಿನಲ್ಲೂ ಒಂದು ವ್ಯತ್ಯಾಸ ಗಮನಿಸಿ. ಎದ್ದು ಓಡಾಡಿದರೆ ಅಥವಾ ತಣ್ಣನೆಯ ನೆಲಕ್ಕೆ ಪಾದ ಇಟ್ಟರೆ ಹಾಯೆನಿಸಿದರೆ ನರದ ನೋವಿರಬಹುದು. ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಮಾತ್ರ ತಗ್ಗುತ್ತದೆ ಎಂದಾದರೆ ರಕ್ತ ಸಾಲುತ್ತಿಲ್ಲ ಎಂದು ಅರ್ಥ; ಅದನ್ನು ಬೇಗ ತೋರಿಸಬೇಕು.

ಪಾದದಲ್ಲೇ ಮೊದಲು ಏಕೆ? ರಾತ್ರಿ ಹೆಚ್ಚು ಏಕೆ?

ಪಾದದ ಸ್ಪರ್ಶ ತಿಳಿಸುವ ನರಕೋಶದ ಒಡಲು ಇರುವುದು ಬೆನ್ನುಹುರಿಯ ಪಕ್ಕದಲ್ಲಿ. ಅಲ್ಲಿಂದ ಕಾಲ್ಬೆರಳ ತುದಿಯವರೆಗೆ ಸುಮಾರು ಒಂದು ಮೀಟರ್ ಉದ್ದದ ಎಳೆ. ಆ ತುದಿಗೆ ಬೇಕಾದ ಸಾಮಗ್ರಿ ಅಷ್ಟು ದೂರ ಸಾಗಿ ಬರಬೇಕು. ನಾಲೆಯ ಕೊನೆಯ ಗದ್ದೆಗೆ ಮೊದಲು ನೀರು ಕಟ್ಟಾಗುವ ಹಾಗೆ, ಉದ್ದದ ನರದ ತುದಿ ಮೊದಲು ಸೊರಗುತ್ತದೆ. ಹಾಗಾಗಿಯೇ ಜೋಮು ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳಲ್ಲೂ ಶುರುವಾಗುತ್ತದೆ. ಸೊರಗಿದ ಎಳೆಗಳು ಕಾರಣವಿಲ್ಲದೆ ತಾವಾಗಿಯೇ ಸಂಕೇತ ಕಳಿಸುತ್ತವೆ. ಮಿದುಳು ಅದನ್ನು ಉರಿ ಎಂದು ಓದುತ್ತದೆ. ರಾತ್ರಿ ಗಮನ ಸೆಳೆಯುವ ಬೇರೆ ಕೆಲಸ ಇರುವುದಿಲ್ಲ, ಹೊದಿಕೆಯ ಶಾಖ ಮತ್ತು ಉಜ್ಜಾಟ ಸೇರಿಕೊಳ್ಳುತ್ತದೆ.

ಆಸ್ಪತ್ರೆಯಲ್ಲಿ ಯಾವ ಪರೀಕ್ಷೆ ಮಾಡುತ್ತಾರೆ? ಎನ್‌ಸಿವಿ ನಾರ್ಮಲ್ ಬಂದರೆ ನರ ಚೆನ್ನಾಗಿದೆ ಎಂದೇ?

ಮುಖ್ಯ ಪರೀಕ್ಷೆಗೆ ದುಬಾರಿ ಯಂತ್ರ ಬೇಡ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿನ ಕೆಲವು ಬಿಂದುಗಳಿಗೆ ತಾಗಿಸಿ, ಕಣ್ಣು ಮುಚ್ಚಿದ ನಿಮ್ಮನ್ನು ‘ಗೊತ್ತಾಯಿತೇ’ ಎಂದು ಕೇಳುತ್ತಾರೆ. 128 ಹರ್ಟ್ಸ್‌ನ ಶ್ರುತಿಕವೆಯನ್ನು ಹೆಬ್ಬೆರಳಿನ ಮೂಳೆಯ ಮೇಲಿಟ್ಟು ಕಂಪನ ತಿಳಿಯುತ್ತದೆಯೇ ನೋಡುತ್ತಾರೆ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಸುತ್ತಿಗೆ ತಟ್ಟುತ್ತಾರೆ, ಪಾದದ ನಾಡಿ ಮುಟ್ಟಿ ನೋಡುತ್ತಾರೆ. ವರ್ಷಕ್ಕೊಮ್ಮೆ ಇಷ್ಟು ಆಗಲೇಬೇಕು. ಸಾಕ್ಸ್ ಬಿಚ್ಚಿಸದೆ ಚೀಟಿ ಬರೆದುಕೊಟ್ಟರೆ, ಪಾದ ನೋಡಿ ಎಂದು ನೀವೇ ಕೇಳಿ.

ಎನ್‌ಸಿವಿ, ಅಂದರೆ ನರದ ವೇಗ ಅಳೆಯುವ ಪರೀಕ್ಷೆ, ದಪ್ಪ ಎಳೆಗಳನ್ನು ಮಾತ್ರ ಅಳೆಯುತ್ತದೆ. ಉರಿ ಮತ್ತು ಶಾಖ ತಿಳಿಸುವುದು ತೆಳು ಎಳೆಗಳು. ಆದ್ದರಿಂದ ವರದಿ ನಾರ್ಮಲ್ ಇದ್ದೂ ಅಂಗಾಲು ಧಗಧಗ ಉರಿಯಬಹುದು. ‘ಎಲ್ಲ ಮನಸ್ಸಿನ ಭ್ರಮೆ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಮನೆಯಲ್ಲೇ ಪರೀಕ್ಷಿಸಿಕೊಳ್ಳಬಹುದೇ?

ಬೆರಳು ಮುಟ್ಟುವ ಸರಳ ಪರೀಕ್ಷೆ ಇದೆ, ಇನ್ನೊಬ್ಬರು ಬೇಕು. ಮಲಗಿ ಕಣ್ಣು ಮುಚ್ಚಿ. ಅವರು ತೋರುಬೆರಳ ತುದಿಯಿಂದ ನಿಮ್ಮ ಕಾಲ್ಬೆರಳ ತುದಿಯನ್ನು ಗರಿ ತಾಗಿದಷ್ಟು ಹಗುರಾಗಿ, ಒಂದೆರಡು ಸೆಕೆಂಡು ಮುಟ್ಟಲಿ. ಒತ್ತಬಾರದು, ಸವರಬಾರದು, ಗೊತ್ತಾಗಲಿಲ್ಲವೆಂದು ಮತ್ತೆ ಮುಟ್ಟಬಾರದು. ಕ್ರಮ ಹೀಗೆ: ಬಲ ಹೆಬ್ಬೆರಳು, ಬಲ ಕಿರುಬೆರಳು, ಎಡ ಹೆಬ್ಬೆರಳು, ಎಡ ಕಿರುಬೆರಳು, ಬಲ ನಡುಬೆರಳು, ಎಡ ನಡುಬೆರಳು. ಮುಟ್ಟಿದ್ದು ತಿಳಿದಾಗ ‘ಬಲ’ ಅಥವಾ ‘ಎಡ’ ಎನ್ನಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಸ್ಪರ್ಶ ಕುಗ್ಗಿದೆ; ವೈದ್ಯರಿಗೆ ತೋರಿಸಿ.

ಶುಗರ್ ಇಲ್ಲದವರಿಗೂ ಬರುತ್ತದೆಯೇ?

ಬರುತ್ತದೆ. ಶುಗರ್ ಇದ್ದವರಲ್ಲೂ ಎರಡನೆಯ ಕಾರಣ ಅಡಗಿರಬಹುದು, ಅದನ್ನು ಹುಡುಕದೆ ಬಿಡಬಾರದು. ಮೊದಲು ನೋಡಬೇಕಾದದ್ದು ವಿಟಮಿನ್ ಬಿ12. ಸಸ್ಯಾಹಾರಿಗಳಲ್ಲಿ, ಹಲವು ವರ್ಷ ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ನುಂಗಿದವರಲ್ಲಿ, ಆಸಿಡಿಟಿ ಮಾತ್ರೆಯನ್ನು ನಿತ್ಯ ತೆಗೆದುಕೊಳ್ಳುವವರಲ್ಲಿ ಇದು ಇಳಿಯುತ್ತದೆ. ಸಸ್ಯಾಹಾರಿಯೂ ಆಗಿ, ಹತ್ತು ವರ್ಷ ಮೆಟ್‌ಫಾರ್ಮಿನ್ ಕೂಡ ಆದರೆ ಅನುಮಾನ ಬಲವಾಗಿಯೇ ಇರಲಿ. ಒಂದು ಮಿ.ಲೀ. ರಕ್ತದಲ್ಲಿ 200 ಪಿಕೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ. 200ರಿಂದ 300ರ ನಡುವೆ ಇದ್ದು ಲಕ್ಷಣಗಳಿದ್ದರೆ ಅದನ್ನೂ ಕಡೆಗಣಿಸುವಂತಿಲ್ಲ. ವಿಟಮಿನ್ ಮಾತ್ರೆ ಶುರು ಮಾಡುವ ಮೊದಲೇ ರಕ್ತ ಕೊಡಿ, ಆಮೇಲೆ ಕೊಟ್ಟರೆ ಅಂಕಿ ಚೆನ್ನಾಗಿಯೇ ಬರುತ್ತದೆ.

ಉಳಿದಂತೆ ಮದ್ಯ, ಥೈರಾಯ್ಡ್ ಕೊರತೆ, ಮೂತ್ರಪಿಂಡದ ಕಾಯಿಲೆ, ಎಚ್‌ಐವಿ, ಕೆಲವು ಕ್ಯಾನ್ಸರ್ ಔಷಧಿಗಳು. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ಕೂಡ ನರ ಕೆಡಿಸಬಲ್ಲದು. ಅದರ ಜೊತೆ ಪಿರಿಡಾಕ್ಸಿನ್ (ವಿಟಮಿನ್ ಬಿ6) ಮಾತ್ರೆ ಕೊಡುವುದು ಅದಕ್ಕೇ, ಅದನ್ನು ಬಿಡಬೇಡಿ. ಕುಷ್ಠವನ್ನೂ ಮರೆಯುವಂತಿಲ್ಲ. ಚರ್ಮದಲ್ಲಿ ಸ್ಪರ್ಶವಿಲ್ಲದ ಮಾಸಲು ಮಚ್ಚೆ, ಜೊತೆಗೆ ಒಂದೇ ಕಾಲು ಅಥವಾ ಕೈ ಮರಗಟ್ಟಿದ್ದರೆ ಸಂಕೋಚ ಬಿಟ್ಟು ಸರ್ಕಾರಿ ಆಸ್ಪತ್ರೆಗೆ ಹೋಗಿ. ಔಷಧಿ ಉಚಿತ, 6 ಅಥವಾ 12 ತಿಂಗಳಲ್ಲಿ ಮುಗಿಯುತ್ತದೆ. ಬೇಗ ಶುರುವಾದಷ್ಟೂ ನರ ಉಳಿಯುತ್ತದೆ.

ಶುಗರ್ ಹತೋಟಿಗೆ ತಂದ ಮೇಲೆ ಉರಿ ಜಾಸ್ತಿಯಾಯಿತು. ಇನ್ಸುಲಿನ್ ತಪ್ಪೇ?

ಇನ್ಸುಲಿನ್‌ನ ತಪ್ಪಲ್ಲ, ವೇಗದ್ದು. ಬಹಳ ಕಾಲ ಏರಿದ್ದ ಸಕ್ಕರೆ ಥಟ್ಟನೆ ಇಳಿದಾಗ, ಉದಾಹರಣೆಗೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಅಂಕಿ) 12ರಿಂದ ಮೂರೇ ತಿಂಗಳಲ್ಲಿ 7ಕ್ಕೆ ಬಂದಾಗ, ಕೆಲವೇ ವಾರಗಳಲ್ಲಿ ತೀವ್ರ ಉರಿನೋವು ಕಾಣಿಸಿಕೊಳ್ಳಬಹುದು. ಇನ್ಸುಲಿನ್‌ಗೂ ಮಾತ್ರೆಗೂ ಇದು ಅನ್ವಯಿಸುತ್ತದೆ. ಸಾಮಾನ್ಯವಾಗಿ ತಿಂಗಳುಗಳು ಕಳೆದಂತೆ ತಗ್ಗುತ್ತದೆ. ಹೆದರಿ ಔಷಧಿ ನಿಲ್ಲಿಸಿದರೆ ಸಕ್ಕರೆ ಮತ್ತೆ ಏರಿ ಹಳೆಯ ಕತೆಯೇ ಆಗುತ್ತದೆ. ನೋವಿಗೆ ಬೇರೆ ಚಿಕಿತ್ಸೆ ಪಡೆದು ಮುಂದುವರಿಸಿ. ಇಂಥ ಏರಿಳಿತದಲ್ಲಿ ಕಣ್ಣಿನ ಹಿಂಪರದೆಗೂ ಪೆಟ್ಟು ಬೀಳಬಹುದು, ಕಣ್ಣು ತಪಾಸಣೆಯೂ ಆಗಲಿ.

ಡೋಲೊ, ಬ್ರೂಫೆನ್ ಏಕೆ ಕೆಲಸ ಮಾಡುವುದಿಲ್ಲ?

ಅವು ಊತ, ಉಳುಕು, ಜ್ವರದ ನೋವಿಗೆ. ಇಲ್ಲಿ ಗಾಯವಿಲ್ಲ, ಸುದ್ದಿ ಒಯ್ಯುವ ತಂತಿಯೇ ಕೆಟ್ಟಿದೆ. ಬ್ರೂಫೆನ್, ಡೈಕ್ಲೋಫೆನಾಕ್‌ಗಳನ್ನು ದಿನವೂ ನುಂಗುವುದು ಶುಗರ್ ಇದ್ದವರ ಮೂತ್ರಪಿಂಡಕ್ಕೆ ಕೆಡುಕು. ಉರಿಯೂ ಹೋಗದೆ ಕಿಡ್ನಿಯೂ ಹೋಗುವ ವ್ಯಾಪಾರ ಅದು.

ಹಾಗಾದರೆ ಯಾವ ಮಾತ್ರೆ? ಒಂದು ವಾರ ತಿಂದೆ, ಏನೂ ಪ್ರಯೋಜನ ಕಾಣಲಿಲ್ಲ.

ಹೆಚ್ಚು ಬಳಕೆಯಲ್ಲಿರುವುದು ಮೂರು ಬಗೆ. ಅಮಿಟ್ರಿಪ್ಟಿಲಿನ್ ರಾತ್ರಿ 10 ಮಿ.ಗ್ರಾಂನಿಂದ ಶುರುವಾಗಿ ಹಂತಹಂತವಾಗಿ 25, 50, ಕೆಲವರಿಗೆ 75ರವರೆಗೆ ಹೋಗುತ್ತದೆ. ಡುಲಾಕ್ಸೆಟಿನ್ 30ರಿಂದ 60 ಮಿ.ಗ್ರಾಂ. ಪ್ರೆಗಾಬಾಲಿನ್ 75ರಿಂದ ಶುರುವಾಗಿ ಸಾಮಾನ್ಯವಾಗಿ ದಿನಕ್ಕೆ 150ರಿಂದ 300. ಅದೇ ಕುಲದ ಗ್ಯಾಬಪೆಂಟಿನ್ ಆದರೆ 300ರಿಂದ ಮೇಲಕ್ಕೆ. ಮೊದಲೆರಡು ಖಿನ್ನತೆಯ ಮಾತ್ರೆಗಳೆಂದು, ಮೂರನೆಯದು ಫಿಟ್ಸ್ ಮಾತ್ರೆ ಎಂದು ಪೊಟ್ಟಣದ ಹಾಳೆಯಲ್ಲೋ ಇಂಟರ್ನೆಟ್ಟಿನಲ್ಲೋ ಓದಿ ಗಾಬರಿಯಾಗಿ ಬಿಡುವವರು ಬಹಳ. ನರದ ಸಂಕೇತವನ್ನು ತಗ್ಗಿಸುವ ಗುಣ ಅವಕ್ಕಿದೆ, ಇಲ್ಲಿ ಕೊಡುವುದು ಅದಕ್ಕಾಗಿ.

ಮೂರರಲ್ಲಿ ಯಾವುದು ಮೇಲು? 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಆಪ್ಶನ್-ಡಿಎಂ ಅಧ್ಯಯನ ಮೂರನ್ನೂ ಹೋಲಿಸಿ ನೋಡಿತು. ನೋವು ಇಳಿಸುವುದರಲ್ಲಿ ಹೆಚ್ಚುಕಡಿಮೆ ಸಮ, ಒಂದು ಸಾಲದವರಿಗೆ ಎರಡನೆಯದನ್ನು ಸೇರಿಸಿದಾಗ ಇನ್ನಷ್ಟು ಇಳಿಯಿತು. ಹಾಗಾಗಿ ಆಯ್ಕೆ ನಿಮ್ಮ ದೇಹದ ಉಳಿದ ತೊಂದರೆಗಳ ಮೇಲೆ ನಿಂತಿದೆ. ಅಮಿಟ್ರಿಪ್ಟಿಲಿನ್ ಅಗ್ಗ, ನಿದ್ದೆ ತರುತ್ತದೆ; ಆದರೆ ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ. ಪ್ರಾಸ್ಟೇಟ್ ದೊಡ್ಡದಿರುವ ವಯಸ್ಸಾದವರಿಗೆ ಮೂತ್ರ ಕಟ್ಟಬಹುದು, ಹೃದಯದ ಲಯದೋಷ ಅಥವಾ ಕೆಲವು ಬಗೆಯ ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇದ್ದವರಿಗೆ ಬೇಡ. ಮಲಗುವಾಗ ನುಂಗಿ ಬೆಳಿಗ್ಗೆ ತಲೆ ಭಾರ ಎನ್ನುವವರು ರಾತ್ರಿ 8ರ ಸುಮಾರಿಗೇ ತೆಗೆದುಕೊಂಡರೆ ಅನುಕೂಲ. ಡುಲಾಕ್ಸೆಟಿನ್ ಮೊದಲ ವಾರ ವಾಕರಿಕೆ ತರುತ್ತದೆ, ಊಟದ ಜೊತೆ ನುಂಗಿದರೆ ಕಡಿಮೆ. ಯಕೃತ್ತಿನ ಕಾಯಿಲೆ ಅಥವಾ ಮೂತ್ರಪಿಂಡದ ತೀವ್ರ ವೈಫಲ್ಯ ಇದ್ದರೆ ಕೊಡುವುದಿಲ್ಲ. ಪ್ರೆಗಾಬಾಲಿನ್‌ನಿಂದ ತೂಕಡಿಕೆ, ತಲೆಸುತ್ತು, ತೂಕ ಏರಿಕೆ, ಪಾದದ ಊತ. ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ಅಂಕಿ ಏರಿದ್ದರೆ ಅದರ ಪ್ರಮಾಣ ಇಳಿಸಲೇಬೇಕು. ಮೊದಲ ಕೆಲವು ದಿನ ಸ್ಕೂಟರ್ ಓಡಿಸಬೇಡಿ.

ಇನ್ನು ಒಂದು ವಾರದ ಮಾತು. ಈ ಮಾತ್ರೆಗಳು ತಲೆನೋವಿನ ಮಾತ್ರೆಯ ಹಾಗಲ್ಲ. ತಕ್ಕ ಪ್ರಮಾಣಕ್ಕೆ ಏರಿದ ಮೇಲೆ ಎರಡರಿಂದ ನಾಲ್ಕು ವಾರ ಕೊಟ್ಟು ನೋಡಬೇಕು. ಬಹುಪಾಲು ಸೋಲು ಇಲ್ಲೇ: ಪ್ರೆಗಾಬಾಲಿನ್ ಅನ್ನು 75 ಮಿ.ಗ್ರಾಂನಲ್ಲೇ ನಿಲ್ಲಿಸಿ, ‘ಆಗಲಿಲ್ಲ’ ಎಂದು ವೈದ್ಯರನ್ನೇ ಬದಲಿಸಿ, ಅಲ್ಲಿ ಮತ್ತೆ 75ರಿಂದಲೇ ಶುರು. ದಿನಾ ರಾತ್ರಿ ನೋವಿಗೆ ಸೊನ್ನೆಯಿಂದ 10ರವರೆಗೆ ಅಂಕ ಕೊಟ್ಟು ಕ್ಯಾಲೆಂಡರಿನಲ್ಲಿ ಬರೆದಿಡಿ. 8 ಇದ್ದದ್ದು 4ಕ್ಕೆ ಬಂದು ರಾತ್ರಿ ನಿದ್ದೆ ಹತ್ತಿದರೆ ಅದು ನಿಜವಾದ ಗೆಲುವು. ಪೂರ್ತಿ ಸೊನ್ನೆಯಾಗುವುದು ಅಪರೂಪ. ನಿಲ್ಲಿಸುವಾಗಲೂ ಮೆಟ್ಟಿಲಿಳಿದಂತೆ ವಾರಗಳಲ್ಲಿ ಇಳಿಸಬೇಕು. ಒಮ್ಮೆಲೇ ಬಿಟ್ಟರೆ ನಿದ್ದೆಗೇಡು, ಬೆವರು, ಚಡಪಡಿಕೆ.

‘ನರಕ್ಕೆ ಶಕ್ತಿ’ ಎಂದು ಕೊಡುವ ಕೆಂಪು ಮಾತ್ರೆ ಎಷ್ಟು ದಿನ ತಿನ್ನಬೇಕು?

ಅದರಲ್ಲಿರುವುದು ಹೆಚ್ಚಾಗಿ ಮಿಥೈಲ್‌ಕೋಬಾಲಮಿನ್, ಅಂದರೆ ಬಿ12ರ ಒಂದು ರೂಪ. ಕೊರತೆ ಇದ್ದರೆ ಅದೇ ಮುಖ್ಯ ಔಷಧಿ. ಇಂಜೆಕ್ಷನ್ ಅಥವಾ ಹೆಚ್ಚಿನ ಪ್ರಮಾಣದ ಮಾತ್ರೆ, ತಿಂಗಳುಗಟ್ಟಲೆ. ಕೊರತೆ ಇಲ್ಲದವರ ಉರಿ ಇದರಿಂದ ಇಳಿಯುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಮಾತ್ರೆ ಪಟ್ಟಿಯ ಹಿಂಬದಿ ಓದಿ, ಬಿ6 ಎಷ್ಟಿದೆ ನೋಡಿ. ಹೆಚ್ಚಿನ ಬಿ6 ವರ್ಷಗಟ್ಟಲೆ ಹೋದರೆ ಅದೇ ನರವನ್ನು ಕೆಡಿಸಿ ಜೋಮು ತರುತ್ತದೆ. ಎರಡು ಮೂರು ಕಂಪನಿಯ ಮಾತ್ರೆಗಳನ್ನು ಒಟ್ಟಿಗೆ ನುಂಗುವವರಿಗೆ ಇದು ಗೊತ್ತೇ ಇರುವುದಿಲ್ಲ. ಊಟದ ಲೆಕ್ಕದಲ್ಲಿ ಬಿ12 ದಿನಕ್ಕೆ ಬೇಕಾದದ್ದು 2 ಮೈಕ್ರೋಗ್ರಾಂನ ಆಸುಪಾಸು. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಸಿಗುತ್ತದೆ, ರಾಗಿ ಸೊಪ್ಪು ಕಾಳುಗಳಲ್ಲಿ ಇಲ್ಲ.

ಲೇಬಲ್ ಇಲ್ಲದ ಪುಡಿ, ಭಸ್ಮಗಳಿಂದ ದೂರವಿರಿ. ಸೀಸ, ಆರ್ಸೆನಿಕ್ ಬೆರೆತಿದ್ದರೆ ಅವೇ ನರಕ್ಕೆ ವಿಷ. ಸ್ಟಿರಾಯ್ಡ್ ಬೆರೆತಿದ್ದರೆ ನಾಲ್ಕು ದಿನ ಹಾಯೆನಿಸಿ ಶುಗರ್ ಮೇಲೇರುತ್ತದೆ.

ಹಚ್ಚುವ ಮುಲಾಮು?

ಮೆಣಸಿನಕಾಯಿಯ ಖಾರದಿಂದ ತಯಾರಿಸಿದ ಕ್ಯಾಪ್ಸೈಸಿನ್ ಕ್ರೀಂ, 0.075 ಶೇಕಡಾ, ದಿನಕ್ಕೆ ಮೂರು-ನಾಲ್ಕು ಸಲ. ಮೊದಲ ವಾರ ಉರಿ ಹೆಚ್ಚುತ್ತದೆ, ಅಲ್ಲಿಯೇ ಬಹಳ ಜನ ಬಿಡುತ್ತಾರೆ. ಗುಣ ಕಾಣಲು ಕೆಲವು ವಾರ ಬೇಕು. ಹಚ್ಚಿದ ಮೇಲೆ ಕೈ ಸೋಪಿನಿಂದ ತೊಳೆಯದೆ ಕಣ್ಣು ಮುಟ್ಟಬೇಡಿ. ಒಡೆದ ಚರ್ಮಕ್ಕೆ, ಸ್ಪರ್ಶವೇ ಹೋದ ಕಾಲಿಗೆ ಬೇಡ. ಗೋರಂಟಿ ತಂಪೆನಿಸಿದರೆ ಅಡ್ಡಿಯಿಲ್ಲ, ಮನೆಯ ಸೊಪ್ಪನ್ನು ಅರೆದು ಹಚ್ಚಿ. ಅಂಗಡಿಯ ಕಪ್ಪು ಮೆಹಂದಿಯ ರಾಸಾಯನಿಕ ಬೊಬ್ಬೆ ಎಬ್ಬಿಸಬಲ್ಲದು.

ರಾತ್ರಿ ಹೊದಿಕೆ ತಾಗಿದರೂ ತಡೆಯಲಾಗುವುದಿಲ್ಲ.

ಹಾಸಿಗೆಯ ಕಾಲ್ದೆಸೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆಯ ಎರಡು ಎದುರುಬದುರು ಬದಿ ಕತ್ತರಿಸಿ ಕಮಾನಿನಂತೆ ಇಡಿ. ಹೊದಿಕೆ ಅದರ ಮೇಲೆ, ಪಾದ ಅದರ ಒಳಗೆ, ಏನೂ ತಾಗುವುದಿಲ್ಲ. ಫ್ಯಾನ್ ಗಾಳಿ ಪಾದಕ್ಕೆ ಬೀಳಲಿ. ಮಲಗುವ ಮುನ್ನ ಹತ್ತು ನಿಮಿಷ ನಡೆಯಿರಿ. ಒದ್ದೆ ಬಟ್ಟೆಯನ್ನು ಸ್ವಲ್ಪ ಹೊತ್ತು ಸುತ್ತಬಹುದು. ಐಸ್ ಇಡಬೇಡಿ, ಸ್ಪರ್ಶ ಕುಗ್ಗಿದ ಚರ್ಮ ಐಸಿನಿಂದಲೂ ಸುಟ್ಟಂತಾಗುತ್ತದೆ. ಟೀ, ಕಾಫಿ ಸಂಜೆಯ ನಂತರ ಬೇಡ. ಒಂದು ಪೆಗ್ ಹಾಕಿದರೆ ನಿದ್ದೆ ಬರುತ್ತದೆ ಎಂಬುದು ನರಕ್ಕೆ ಎರಡನೆಯ ಪೆಟ್ಟು.

ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಡಬಹುದೇ?

ಬೇಡ. ಇದೊಂದು ಅಭ್ಯಾಸ ಕಳೆದ ಬೆರಳುಗಳಿಗೆ ಲೆಕ್ಕವಿಲ್ಲ. ಮರಗಟ್ಟಿದ ಪಾದಕ್ಕೆ ಬೆಚ್ಚಗೆ ಅನಿಸುವ ನೀರು ನಿಜವಾಗಿ ಸುಡುವಷ್ಟು ಕಾದಿರಬಹುದು. ಬೆಳಿಗ್ಗೆ ಬೊಬ್ಬೆ, ವಾರಕ್ಕೆ ಹುಣ್ಣು. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ, ಪಾದದಿಂದಲ್ಲ. ಬಿಸಿನೀರಿನ ಚೀಲ, ಒಲೆಯ ಮುಂದೆ ಕಾಲು ಕಾಯಿಸುವುದು, ಶಾಖ ಕೊಡುವ ಮಸಾಜ್ ಯಂತ್ರ, ಬೈಕಿನ ಸೈಲೆನ್ಸರ್ ಬದಿ ಎಲ್ಲವೂ ಅದೇ ಅಪಾಯ.

ನೋವು ತಾನಾಗಿಯೇ ಹೋಯಿತು. ವಾಸಿಯಾಯಿತೇ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ನೋವು ಹೋಗುವುದಕ್ಕೆ ಎರಡು ದಾರಿ. ಬಿ12 ಕೊರತೆ ಸರಿಹೋಗಿ, ಮದ್ಯ ಬಿಟ್ಟು ನರ ಚೇತರಿಸಿಕೊಂಡದ್ದು ಒಂದು. ಅರಚುತ್ತಿದ್ದ ಎಳೆಗಳು ಪೂರ್ತಿ ಸತ್ತು ಸುಮ್ಮನಾದದ್ದು ಇನ್ನೊಂದು. ಉರಿ ನಿಂತು, ಮುಟ್ಟಿದರೂ ತಿಳಿಯದಂತಾಗಿದ್ದರೆ ನೀವಿರುವುದು ಎರಡನೆಯ ದಾರಿಯಲ್ಲಿ. ಮೇಲೆ ಹೇಳಿದ ಬೆರಳು ಮುಟ್ಟುವ ಪರೀಕ್ಷೆಯನ್ನು ಅಂದೇ ಮಾಡಿಸಿ.

ನೋವಿಲ್ಲದ ಪಾದ ಹೇಗೆ ಕೆಡುತ್ತದೆ ಎಂಬುದನ್ನು ಜಗತ್ತು ಕಲಿತದ್ದು ಬಹುಮಟ್ಟಿಗೆ ನಮ್ಮ ನೆರೆಯ ವೆಲ್ಲೂರಿನಲ್ಲಿ. 1946ರಲ್ಲಿ ಅಲ್ಲಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್, ಕುಷ್ಠರೋಗಿಗಳ ಬೆರಳು ರೋಗದಿಂದ ತಾನಾಗಿ ಉದುರುವುದಿಲ್ಲ, ಸ್ಪರ್ಶವಿಲ್ಲದೆ ಪದೇ ಪದೇ ಪೆಟ್ಟಾಗಿ ನಶಿಸುತ್ತದೆ ಎಂದು ತೋರಿಸಿಕೊಟ್ಟರು. ಸಕ್ಕರೆ ಕಾಯಿಲೆಯ ಪಾದಕ್ಕೂ ಅದೇ ಪಾಠ. ಚಪ್ಪಲಿಯೊಳಗಿನ ಕಲ್ಲು, ತಳದಿಂದ ತೂರಿದ ಮೊಳೆ, ನಿದ್ದೆಯಲ್ಲಿ ಇಲಿ ಕಚ್ಚಿದ್ದು ಕೂಡ ಬೆಳಿಗ್ಗೆ ಹಾಸಿಗೆಯ ರಕ್ತ ನೋಡಿದ ಮೇಲೆಯೇ ತಿಳಿಯುತ್ತದೆ.

ದಿನಾ ಪಾದವನ್ನು ಹೇಗೆ ನೋಡಿಕೊಳ್ಳಬೇಕು?

ಸಂಜೆ ಒಂದೇ ಹೊತ್ತು ಗೊತ್ತು ಮಾಡಿಕೊಳ್ಳಿ. ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ, ನೆನೆಸಬೇಡಿ. ಬೆರಳ ಸಂದಿಯನ್ನು ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ. ಅಲ್ಲಿ ತೇವ ಉಳಿದರೆ ಬೂಷ್ಟು ಹಿಡಿದು ಸೀಳುತ್ತದೆ. ಹಿಮ್ಮಡಿಗೆ, ಅಂಗಾಲಿಗೆ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲಿನ್ ಹಚ್ಚಿ, ಸಂದಿಗೆ ಮಾತ್ರ ಬೇಡ. ನೆಲದ ಮೇಲೆ ಕನ್ನಡಿ ಇಟ್ಟು ಅದರ ಮೇಲೆ ಪಾದ ಹಿಡಿದರೆ ಅಂಗಾಲು ಕಾಣುತ್ತದೆ; ಕಣ್ಣು ಮಂಜಾದವರಿಗೆ ಮನೆಯವರು ನೋಡಲಿ. ಎರಡೂ ಪಾದಕ್ಕೆ ಅಂಗೈ ಹಿಂಬದಿ ಇಟ್ಟು ನೋಡಿ, ಒಂದು ಇನ್ನೊಂದಕ್ಕಿಂತ ಬಿಸಿ ಇದೆಯೇ? ಉಗುರು ನೇರವಾಗಿ ಕತ್ತರಿಸಿ, ಮೂಲೆ ಕೊರೆಯಬೇಡಿ. ಆಣಿಗೆ ಬ್ಲೇಡು, ಅಂಗಡಿಯ ಆಣಿಪಟ್ಟಿ ಎರಡೂ ಬೇಡ. ಪಟ್ಟಿಯಲ್ಲಿರುವ ಆಮ್ಲಕ್ಕೆ ಆಣಿ ಯಾವುದು, ಒಳ್ಳೆಯ ಚರ್ಮ ಯಾವುದು ಎಂಬ ಭೇದವಿಲ್ಲ.

ಎಂಥ ಚಪ್ಪಲಿ?

ಹವಾಯಿ ಚಪ್ಪಲಿ ಬೇಡ. ಸಂದಿಯ ಪಟ್ಟಿ ಕೊರೆಯುತ್ತದೆ, ಹಿಂದೆ ಹಿಡಿತವಿಲ್ಲದೆ ಜಾರುತ್ತದೆ. ಎಂ.ಸಿ.ಆರ್. ಚಪ್ಪಲಿ, ಅಂದರೆ ಸಣ್ಣ ಗುಳ್ಳೆಗಳ ಮೆತ್ತನೆ ರಬ್ಬರಿನದು, ನಮ್ಮ ಹವೆಗೂ ನಮ್ಮ ಜೇಬಿಗೂ ಹೊಂದುತ್ತದೆ. ಸಾದಾ ಸ್ಪಂಜನ್ನೇ ಆ ಹೆಸರಲ್ಲಿ ಮಾರುವವರಿದ್ದಾರೆ; ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಮೇಲಿನ ಪದರ ಒತ್ತಿ ನೋಡಿ. ಸುಮಾರು ಅರ್ಧ ದಪ್ಪಕ್ಕೆ ಅಮುಕಿ, ಬಿಟ್ಟ ಕೂಡಲೇ ಮೊದಲಿನಂತಾಗಬೇಕು. ತಳಭಾಗ ಮುಳ್ಳು ತೂರದಷ್ಟು ಗಟ್ಟಿ ಇರಲಿ, ಹಿಂದೆ ಪಟ್ಟಿ ಇರಲಿ, ಮೊಳೆ ಹೊಡೆದಿರಬಾರದು. ಶೂ ಆದರೆ ಪಾದ ಊದಿರುವ ಸಂಜೆ ಹೊತ್ತು ಕೊಳ್ಳಿ, ಉದ್ದದ ಬೆರಳಿನ ಮುಂದೆ ಒಂದು ಸೆಂಟಿಮೀಟರಿನಷ್ಟು ಜಾಗ ಬೇಕು. ಹೊಸದನ್ನು ಮೊದಲ ದಿನ ಅರ್ಧ ಗಂಟೆ ಮಾತ್ರ ಹಾಕಿ, ಬಿಚ್ಚಿ ಕೆಂಪು ಗುರುತು ಹುಡುಕಿ. ಹಾಕುವ ಮುನ್ನ ಪ್ರತಿ ಸಲ ತಲೆಕೆಳಗೆ ಮಾಡಿ ಕೊಡವಿ, ಒಳಗೆ ಕೈಯಾಡಿಸಿ. ಬಿಳಿ ಹತ್ತಿ ಸಾಕ್ಸ್ ಒಳ್ಳೆಯದು, ರಕ್ತ ಅಥವಾ ಕೀವು ಕೂಡಲೇ ಕಾಣುತ್ತದೆ.

ದೇವಸ್ಥಾನಕ್ಕೆ, ಪಾದಯಾತ್ರೆಗೆ ಹೋಗಬಹುದೇ?

ದೇವಸ್ಥಾನಕ್ಕೆ ಬೆಳಿಗ್ಗೆ ಅಥವಾ ಸಂಜೆ ಹೋಗಿ. ಮಧ್ಯಾಹ್ನದ ಕಲ್ಲುಹಾಸು ಕೆಲವೇ ನಿಮಿಷದಲ್ಲಿ ಅಂಗಾಲನ್ನು ಬೇಯಿಸುತ್ತದೆ. ದಪ್ಪ ಬಟ್ಟೆಯ ಸಾಕ್ಸ್ ಹಾಕಲು ಬಹಳ ಕಡೆ ಆಕ್ಷೇಪವಿಲ್ಲ, ಕೇಳಿ ನೋಡಿ. ಧರ್ಮಸ್ಥಳಕ್ಕೋ ಮಲೆ ಮಹದೇಶ್ವರ ಬೆಟ್ಟಕ್ಕೋ ಬರಿಗಾಲಲ್ಲಿ ನಡೆಯುವುದು, ಮಾಲೆ ಹಾಕಿ ಬರಿಗಾಲಲ್ಲಿರುವುದು, ಕೊಂಡ ಹಾಯುವುದು ಸ್ಪರ್ಶ ಹೋದ ಪಾದಕ್ಕೆ ಸಲ್ಲದು. ಹರಕೆ ಇದ್ದರೆ ಬೇರೆ ಸೇವೆಯಾಗಿ ಸಲ್ಲಿಸಿ. ಗದ್ದೆ, ತೋಟದ ಕೆಲಸಕ್ಕೆ ಗಂಬೂಟು.

ವ್ಯಾಯಾಮ, ವಾಹನ?

ಹುಣ್ಣಿಲ್ಲದಿದ್ದರೆ ಸರಿಯಾದ ಚಪ್ಪಲಿ ಹಾಕಿ ದಿನಕ್ಕೆ ಅರ್ಧ ಗಂಟೆ ನಡೆಯಿರಿ. ಅಡುಗೆಕಟ್ಟೆ ಹಿಡಿದು ಒಂಟಿಕಾಲಲ್ಲಿ ಹತ್ತು ಸೆಕೆಂಡು ನಿಲ್ಲುವ ಅಭ್ಯಾಸ ಬೀಳುವುದನ್ನು ತಪ್ಪಿಸುತ್ತದೆ. ಬಚ್ಚಲ ದಾರಿಗೆ ರಾತ್ರಿ ಸಣ್ಣ ದೀಪ ಇರಲಿ, ಕತ್ತಲಲ್ಲಿ ಪಾದಕ್ಕೆ ನೆಲ ಸಿಗುವುದಿಲ್ಲ. ಬ್ರೇಕ್ ಪೆಡಲಿನ ಮೇಲೆ ಕಾಲು ಇದೆಯೇ ಎಂದು ಕಣ್ಣಿಂದ ನೋಡಬೇಕಾದ ಸ್ಥಿತಿ ಬಂದಿದ್ದರೆ ಕಾರು, ಲಾರಿ ಓಡಿಸುವುದನ್ನು ನಿಲ್ಲಿಸಿ.

ಗಾಯವಾದರೆ? ಯಾವಾಗ ಓಡಬೇಕು?

ಹರಿಯುವ ಶುದ್ಧ ನೀರಲ್ಲಿ ತೊಳೆದು, ಒಣಗಿಸಿ, ಸ್ವಚ್ಛ ಗಾಜ್ ಬಟ್ಟೆ ಕಟ್ಟಿ. ಕಾಫಿಪುಡಿ, ಅರಿಶಿನ, ಸುಣ್ಣ, ಟೂತ್‌ಪೇಸ್ಟ್ ಹಾಕಬೇಡಿ; ಅವು ಗಾಯದ ತಳವನ್ನು ಮುಚ್ಚಿ ಕೀವನ್ನು ಒಳಗೆ ಉಳಿಸುತ್ತವೆ. ನೋವಿಲ್ಲ ಎಂದು ಅದರ ಮೇಲೆ ನಡೆಯಬೇಡಿ, 24 ಗಂಟೆಯೊಳಗೆ ತೋರಿಸಿ.

ಅಂದೇ ಆಸ್ಪತ್ರೆಗೆ ಹೋಗಬೇಕಾದವು: ಬೆರಳು ನೀಲಿ ಅಥವಾ ಕಪ್ಪಾದರೆ, ಹುಣ್ಣಿನ ಸುತ್ತ ಕೆಂಪು ಹರಡಿ ಜ್ವರ ಬಂದರೆ, ಜೋಮು ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ಮೇಲೇರಿ ಕಾಲಿನ ಬಲ ಕುಸಿದರೆ, ತೊಡೆಸಂದಿ ಮರಗಟ್ಟಿ ಮಲಮೂತ್ರದ ಹಿಡಿತ ತಪ್ಪಿದರೆ. ಇನ್ನೊಂದು, ಬಹಳ ಸಲ ತಪ್ಪಿಹೋಗುವಂಥದು: ಗಾಯವಿಲ್ಲದೆ, ಹೆಚ್ಚು ನೋವಿಲ್ಲದೆ ಒಂದು ಪಾದ ಊದಿ ಕೆಂಪಾಗಿ, ಇನ್ನೊಂದಕ್ಕಿಂತ ಬಿಸಿ ಇದ್ದರೆ ಒಳಗೆ ಮೂಳೆಗಳು ಮುರಿಯುತ್ತಿರಬಹುದು. ಇದಕ್ಕೆ ಶಾರ್ಕೋ ಪಾದ ಎನ್ನುತ್ತಾರೆ. ಉಳುಕು ಎಂದುಕೊಂಡು ಎಣ್ಣೆ ಹಚ್ಚಿ ನೀವಿ ನಡೆದಾಡಿದರೆ ವಾರಗಳಲ್ಲಿ ಅಂಗಾಲಿನ ಕಮಾನು ಕುಸಿದು ದೋಣಿಯ ತಳದಂತಾಗುತ್ತದೆ. ಅನುಮಾನ ಬಂದ ಕ್ಷಣದಿಂದ ಆ ಕಾಲನ್ನು ನೆಲಕ್ಕೆ ಊರಬೇಡಿ. ಆಸ್ಪತ್ರೆಗೂ ಗಾಲಿಕುರ್ಚಿಯಲ್ಲಿ ಅಥವಾ ಇಬ್ಬರ ಹೆಗಲ ಮೇಲೆ ಹೋಗಿ.